ಹೆಸರು ಕೇಳದೆ ಪರೀಕ್ಷಿಸಿ ನೋಡುವ ಆಟೊಕಾನ್ಫ್

ಪುತ್ತೂರು, ಸುಳ್ಯ ತಾಲೂಕುಗಳ ಗಡಿ ದಾಟಿದರೆ ಸಿಗುವ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಗ್ನು/ಲಿನಕ್ಸ್‌ನಲ್ಲಿ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಸಂಸ್ಥೆಯಾಗಿ ಈ ಕೆಲಸವನ್ನು ಮುಂದುವರಿಸಿದೆ. ಲಿನಕ್ಸ್‌ನಲ್ಲಿ ಕನ್ನಡ ಬೆರಳಚ್ಚಿಸಲು ಹಲವರು ಬಳಸುವುದು ಐಬಸ್ ಮತ್ತು ಜಪಾನಿನಲ್ಲಿ ಹುಟ್ಟಿದ ಎಂ17ಎನ್ ತಂತ್ರಾಂಶಗಳನ್ನು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಿಂದ ಬೆಳೆದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯೂ ಎಂ17ಎನ್‌ನಲ್ಲಿದೆ. ಐಬಸ್, ಎಂ17ಎನ್ ಎರಡನ್ನೂ ನಾನಾ ಬಗೆಯ ಯಂತ್ರಗಳಿಗೆ ಹೊಂದಿಸಿಕೊಡುವ ಸಾಧನ ಆಟೊಕಾನ್ಫ್. ಅದು ಹಳೆಯದಾಯಿತು ಎಂಬ ಮಾತು ಈಗ ಸಾಮಾನ್ಯ. ಸಾಧನ ಹಳೆಯದಿರಬಹುದು, ಅದರ ಹಿಂದಿನ ತತ್ವಕ್ಕೆ ಮುಪ್ಪು ಬಂದಿಲ್ಲ.

1991ರಲ್ಲಿ ಡೇವಿಡ್ ಮೆಕೆಂಜಿ ಇದನ್ನು ಬರೆಯತೊಡಗಿದಾಗ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ ಒಂದಾಗಿರಲಿಲ್ಲ. ಕಂಪನಿಗೊಂದು ಯುನಿಕ್ಸ್ ಇತ್ತು. ಒಂದರಲ್ಲಿರುವ ಸೌಲಭ್ಯ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಯಂತ್ರದ ಹೆಸರು ನೋಡಿ ಗುಣ ಊಹಿಸುವುದು ಆಗಿನ ರೂಢಿ. ಹೊಸ ಆವೃತ್ತಿ ಬಂದ ದಿನ ಆ ಊಹೆ ಕೈಕೊಡುತ್ತಿತ್ತು. ಪುತ್ತೂರಿನ ಅಡಿಕೆ ವ್ಯಾಪಾರಿ ಯಾರ ತೋಟದ್ದೆಂದು ಕೇಳಿ ಸುಮ್ಮನಾಗುವುದಿಲ್ಲ, ನಾಲ್ಕು ಅಡಿಕೆ ಕತ್ತರಿಸಿ ನೋಡುತ್ತಾನೆ. ಆಟೊಕಾನ್ಫ್ ಹಿಡಿದದ್ದೂ ಅದೇ ದಾರಿ. ಅದು ತಯಾರಿಸುವ 'ಕಾನ್ಫಿಗರ್' ಸ್ಕ್ರಿಪ್ಟ್ ಪುಟ್ಟ ಸಿ ಪ್ರೋಗ್ರಾಮುಗಳನ್ನು ಬರೆದು, ಅಲ್ಲೇ ಕಂಪೈಲ್ ಮಾಡಿ, ಈ ಫಂಕ್ಷನ್ ಇದೆಯೇ, ಆ ಲೈಬ್ರರಿ ಸಿಗುತ್ತದೆಯೇ ಎಂದು ಪರೀಕ್ಷಿಸುತ್ತದೆ. ಫಲಿತಾಂಶಕ್ಕೆ ತಕ್ಕಂತೆ ಮೇಕ್‌ಫೈಲ್ ಸಿದ್ಧವಾಗುತ್ತದೆ. ಸ್ಕ್ರಿಪ್ಟ್ ಓಡಲು ಬೇಕಾದದ್ದು ಎಲ್ಲ ಯುನಿಕ್ಸ್‌ಗಳಲ್ಲೂ ಇರುವ ಶೆಲ್. ಬಳಕೆದಾರರ ಬಳಿ ಆಟೊಕಾನ್ಫ್ ಇರಲೇಬೇಕೆಂದಿಲ್ಲ. ತೊಡಕು ತಂತ್ರಾಂಶ ಬರೆದವನ ಪಾಲಿಗೆ, ಸಲೀಸು ಬಳಸುವವನ ಪಾಲಿಗೆ.

ಯುನಿಕ್ಸ್‌ನ ಆ ವೈವಿಧ್ಯ ಈಗೆಲ್ಲಿದೆ, ಎಲ್ಲೆಲ್ಲೂ ಲಿನಕ್ಸ್ ಅಲ್ಲವೇ ಎಂಬುದು ಮೊದಲ ಆಕ್ಷೇಪ. ವೈವಿಧ್ಯ ಅಳಿದಿಲ್ಲ, ರೂಪ ಬದಲಿಸಿದೆ. ಇಂಟೆಲ್ ಪ್ರೊಸೆಸರ್ ಜೊತೆಗೆ ರಾಸ್ಪ್‌ಬೆರಿ ಪೈಯಂಥ ಅಗ್ಗದ ಆರ್ಮ್ ಯಂತ್ರಗಳಿವೆ. 32 ಬಿಟ್‌ನ ಹಳೆಯ ಕಂಪ್ಯೂಟರುಗಳಿವೆ. ಲಿನಕ್ಸ್ ಒಳಗೇ ಬೇರೆಬೇರೆ ಸಿ ಲೈಬ್ರರಿಗಳಿವೆ. ಹೊಸ ಯಂತ್ರ ಕೊಳ್ಳಲಾಗದ ಶಾಲೆಗೆ ಈ ವ್ಯತ್ಯಾಸಗಳೇ ದೊಡ್ಡವು. ಎರಡನೆಯ ಆಕ್ಷೇಪ, ಇದು ನಿಧಾನ, ಇದರ ಎಂ4 ಭಾಷೆ ಜಟಿಲ ಎಂಬುದು. ನಿಜ. ಅದರ ಬೆಳವಣಿಗೆಯೂ ನಿಧಾನವಾಗಿತ್ತು: 2012ರ 2.69 ಆವೃತ್ತಿಯ ಬಳಿಕ ಮುಂದಿನದು ಬರಲು 2020ರ ಡಿಸೆಂಬರ್ ಆಗಬೇಕಾಯಿತು. ಹಾರ್ಫ್‌ಬಜ್, ಪ್ಯಾಂಗೊ ಮುಂತಾದ, ಕನ್ನಡ ಒತ್ತಕ್ಷರಗಳನ್ನು ಪರದೆಯಲ್ಲಿ ಸರಿಯಾಗಿ ಮೂಡಿಸುವ ತಂತ್ರಾಂಶಗಳೂ ಮೆಸಾನ್ ಎಂಬ ಬೇರೆ ಸಾಧನದ ಕಡೆ ಹೊರಳಿವೆ. ಆದರೆ ಮೆಸಾನ್, ಸಿಮೇಕ್‌ನಂಥ ಸಾಧನಗಳೂ ಯಂತ್ರವನ್ನು ಪರೀಕ್ಷಿಸಿಯೇ ಮುಂದುವರಿಯುತ್ತವೆ. ತತ್ವ ಉಳಿದಿದೆ, ಬರೆಯುವ ಭಾಷೆ ಬದಲಾಗಿದೆ.

ಮೂರನೆಯ ಆಕ್ಷೇಪ ಗಂಭೀರ. 2024ರ ಮಾರ್ಚ್‌ನಲ್ಲಿ ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಇರುವುದನ್ನು ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದರು. ಅದನ್ನು ಒಳತರುವ ಎಂ4 ಸಾಲುಗಳು ಬಿಡುಗಡೆಯ ಕಟ್ಟಿನಲ್ಲಿದ್ದವು, ಸಾರ್ವಜನಿಕ ಗಿಟ್ ಭಂಡಾರದಲ್ಲಿ ಇರಲಿಲ್ಲ. ಸಾವಿರಾರು ಸಾಲಿನ ಕಾನ್ಫಿಗರ್ ಸ್ಕ್ರಿಪ್ಟನ್ನು ಯಾರೂ ಓದುವುದಿಲ್ಲ ಎಂಬುದೇ ಕಿಡಿಗೇಡಿಗೆ ಅನುಕೂಲವಾಯಿತು. ಈ ದೋಷವನ್ನು ಒಪ್ಪಬೇಕು. ಅದಕ್ಕೆ ಪರಿಹಾರ, ಭಂಡಾರದಲ್ಲಿರುವ ಸೋರ್ಸ್‌ನಿಂದಲೇ ಸ್ಕ್ರಿಪ್ಟ್ ಹೊಸದಾಗಿ ತಯಾರಿಸುವುದು, ಬಿಡುಗಡೆಯ ಕಟ್ಟನ್ನು ಅದರೊಂದಿಗೆ ತಾಳೆ ನೋಡುವುದು. ಅದಕ್ಕೂ ಈ ಸಾಧನ ಬಲ್ಲ ಜನ ಬೇಕು.

ಪುತ್ತೂರಿನಲ್ಲಿ ವಿವೇಕಾನಂದ, ಸುಳ್ಯದಲ್ಲಿ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜುಗಳಿವೆ, ಕಡಬದ ಮಕ್ಕಳಿಗೂ ಅವು ದೂರವಲ್ಲ. ಅಲ್ಲಿನ ವಿದ್ಯಾರ್ಥಿಗಳು ಹೊಸ ಯೋಜನೆಗೆ ಮೆಸಾನನ್ನೇ ಆರಿಸಿಕೊಳ್ಳಲಿ. ಆದರೆ ಒಮ್ಮೆಯಾದರೂ ಎಂ17ಎನ್‌ನ ಸೋರ್ಸ್ ತಂದು, ಕಾನ್ಫಿಗರ್ ಓಡಿಸಿ, ಅದು ಕೇಳುವ ಪ್ರಶ್ನೆಗಳನ್ನು ಓದಲಿ. ಕನ್ನಡದ ತಂತ್ರಾಂಶವನ್ನು ಮುಂದೆ ಕಾಪಾಡಬೇಕಾದವರು ಅವರೇ.