ನಾಲಿಗೆ ಒಂದು, ಸ್ಪೆಲಿಂಗ್ ಎರಡು

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಗಡಿಮಂದಿ ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ, ಪ್ಯಾಟ್ಯಾಗ ಉರ್ದು, ತೆಲುಗು ಆಡುವವರು. ಇಷ್ಟು ಭಾಷೆ ಬಲ್ಲವರಿಗೂ ಇಂಗ್ಲಿಷ್ ಬರೆಯುವಾಗ ಕೈ ತಡವರಿಸುತ್ತದೆ. ಇದು ದಡ್ಡತನವಲ್ಲ. ನಾಲಿಗೆ ಆಡಿದ್ದನ್ನೇ ಕೈ ಬರೆಯುತ್ತದೆ.

ದಾಳಿಂಬದ ಹೆಸರನ್ನೇ ನೋಡ್ರಿ. ಕನ್ನಡದಾಗ ಹಣ್ಣು ದಾಳಿಂಬೆ, ಮರಾಠಿಯಲ್ಲಿ ಡಾಳಿಂಬ್. 'ದ'ಕ್ಕೂ 'ಡ'ಕ್ಕೂ ಇಂಗ್ಲಿಷಿನಲ್ಲಿ 'ಡಿ' ಒಂದೇ. ಮರಾಠಿ ಮಾತಿನಲ್ಲಿ ಕೊನೆಯ 'ಅ' ಕೇಳಿಸದು, ಸ್ಪೆಲಿಂಗ್ 'ಬಿ'ಗೇ ನಿಲ್ಲುತ್ತದೆ. ಕನ್ನಡದ ಕೈ ಮುಂದೊಂದು 'ಎ' ಸೇರಿಸುತ್ತದೆ. ಉಮರ್ಗಾ ಕೆಲವೆಡೆ 'ಯು'ದಿಂದ, ಕೆಲವೆಡೆ 'ಓ'ದಿಂದ ಶುರು.

ಅಡತಿ ಅಂಗಡಿಯಲ್ಲಿ ಕೇಳುವ ಮಾತು: 'ಸೋಯಾಬೀನ್ ಸೇಲ್ ಮಾಡೋದದ.' ಇಂಗ್ಲಿಷಿನಲ್ಲಿ 'ಸೇಲ್' ಎಂದರೆ ಮಾರಾಟ, 'ಸೆಲ್' ಎಂದರೆ ಮಾರು. ಮರಾಠಿಗೆ 'ಎ', 'ಏ' ಎರಡಕ್ಕೂ ಒಂದೇ ಅಕ್ಷರ. ಅದಕ್ಕೇ ಎರಡೂ ಶಬ್ದ ಕಲೆತು ವ್ಯಾಕರಣ ಕೆಡುತ್ತದೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಇಲ್ಲಿ ಸಮಾಧಾನ: ಕನ್ನಡಕ್ಕೂ ತೆಲುಗಿಗೂ ಹ್ರಸ್ವ, ದೀರ್ಘ ಎರಡೂ ಇವೆ. ಹುಡುಗರಿಗೆ ನಮ್ಮ ಕಾಗುಣಿತ ಹಿಡಿದೇ ಈ ಭೇದ ಕಲಿಸಬಹುದು.

'ಯೂಸ್ಡ್ ಟು' ಅನ್ನುವಾಗ 'ಡ', 'ಟ' ಒಂದರಲ್ಲೊಂದು ಮುಳುಗುತ್ತವೆ, ಬರೆಯುವಾಗ 'ಡಿ' ಬಿಟ್ಟುಹೋಗುತ್ತದೆ. ಈ ತಪ್ಪು ಇಂಗ್ಲಿಷರ ಮಕ್ಕಳಿಗೂ ತಪ್ಪಿದ್ದಲ್ಲ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಕೂಟ ತಂದ ಮೇಲೆ ಸ್ಪೆಲಿಂಗ್ ಬರಬರುತ್ತ ಗಟ್ಟಿಯಾಯಿತು, ಉಚ್ಚಾರ ಮಾತ್ರ ಬದಲಾಗುತ್ತ ಹೋಯಿತು. 'ನೈಫ್'ದ ಮುಂದಿನ ಮೂಕ 'ಕೆ' ಹಿಂದೊಮ್ಮೆ ಬಾಯಲ್ಲಿದ್ದ ಅಕ್ಷರವೇ.

ಪರೀಕ್ಷೆಯ ಅಂಕ ಹೋದರೆ ಹೋಗಲಿ, ಹೆಸರು ಕೆಟ್ಟರೆ ರೊಕ್ಕವೇ ನಿಲ್ಲುತ್ತದೆ. ಕರ್ನಾಟಕದಲ್ಲಿ 'ತ'ಕ್ಕೆ 'ಟಿ ಎಚ್' ಬರೆಯುವವರು ಬಹಳ, ಮಹಾರಾಷ್ಟ್ರದಲ್ಲಿ ಬರೀ 'ಟಿ'. ಆಚೆಯಿಂದ ಸೊಸೆಯಾಗಿ ಬಂದ ಲತಾಳ ಶಾಲೆಯ ದಾಖಲೆಯಲ್ಲಿ 'ಎಚ್' ಇರುತ್ತದೆ, ಇಲ್ಲಿಯ ಪಾಸ್‌ಬುಕ್ಕಿನಲ್ಲಿ ಇರುವುದಿಲ್ಲ. ಬಸವರಾಜ ಮರಾಠಿ ಬಾಯಲ್ಲಿ ಬಸ್ವರಾಜ್ ಆಗಿ, ನಡುವಿನ 'ಎ' ಹಾರಿ, 'ವಿ' ಹೋಗಿ 'ಡಬ್ಲ್ಯೂ' ಬರುತ್ತದೆ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ವರ್ಷಕ್ಕೆ ಮೂರು ಕಂತಿನಲ್ಲಿ 6000 ರೂಪಾಯಿ ಕೊಡುತ್ತದೆ. ಅರ್ಜಿಯ ಹೆಸರು ಆಧಾರಿಗೆ ತಾಳೆಯಾಗದಿದ್ದರೆ ಕಂತು ತಡೆಯಬಹುದು.

ಆದ್ದರಿಂದ ರೈತ ಬಾಂಧವರೇ, ಕಂಪ್ಯೂಟರಿನವನಿಗೆ ಹೆಸರು ಬಾಯಿಂದ ಹೇಳಿ ಸುಮ್ಮನಾಗಬೇಡಿ. ಆಧಾರಿನ ಸ್ಪೆಲಿಂಗ್ ಚೀಟಿಯಲ್ಲಿ ಬರೆದುಕೊಡಿ, ಅಚ್ಚಾದ ಮೇಲೆ ಅಕ್ಷರ ಅಕ್ಷರ ಓದಿಸಿ ಕೇಳಿ. ಮಾತು ನಾಲ್ಕು ಭಾಷೆಯಲ್ಲಿರಲಿ, ಹೆಸರಿನ ಸ್ಪೆಲಿಂಗ್ ಒಂದೇ ಇರಲಿ.