ಚಿತ್ರಗಳ ಕೋಡ್‌ಗೆ ಪ್ರತ್ಯೇಕ ಕಡತ

ಲೇಟೆಕ್‌ನಲ್ಲಿ ಪಠ್ಯದಂತೆ ಚಿತ್ರವನ್ನೂ ಆಜ್ಞೆಗಳಿಂದಲೇ ರಚಿಸಬಹುದು. ಇದಕ್ಕೆ ಬಹುವಾಗಿ ಬಳಕೆಯಲ್ಲಿರುವುದು ಟಿಲ್ ಟಾಂಟೌ ರೂಪಿಸಿದ ಟಿಕ್‌ಜ್. ‘ಇದು ಚಿತ್ರ ಬಿಡಿಸುವ ತಂತ್ರಾಂಶವಲ್ಲ’ ಎಂಬರ್ಥದ ಜರ್ಮನ್ ವಾಕ್ಯದ ಸಂಕ್ಷೇಪವೇ ಅದರ ಹೆಸರು. ಇಲ್ಲಿ ಪ್ರತಿಯೊಂದು ಗೆರೆ, ಬಾಣ, ವೃತ್ತವೂ ಬರೆದ ಸಾಲೇ ಆಗಿರುವುದರಿಂದ ಸಾಧಾರಣ ಚಿತ್ರಕ್ಕೂ ಹತ್ತಾರು ಸಾಲುಗಳು ಬೇಕಾಗುತ್ತವೆ. ನಲವತ್ತು ಚಿತ್ರಗಳಿರುವ ಪಿಎಚ್.ಡಿ. ಪ್ರಬಂಧದಲ್ಲಿ ಈ ಕೋಡ್ ಗದ್ಯದ ನಡುವೆಯೇ ಉಳಿದರೆ ವಾದದ ಎಳೆಯನ್ನು ಹುಡುಕುವುದೇ ಕಷ್ಟ. ಚಿತ್ರದಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಇಡೀ ಪ್ರಬಂಧದ ಕಂಪೈಲ್ ನಿಲ್ಲಬಹುದು.

ಆದ್ದರಿಂದ ಒಂದು ಚಿತ್ರಕ್ಕೆ ಒಂದು ಕಡತವೆಂಬ ಕ್ರಮ ಮೇಲು. ಆ ಕಡತವನ್ನು ‘ಇನ್‌ಪುಟ್’ ಆಜ್ಞೆಯಿಂದ ಮುಖ್ಯ ಕಡತಕ್ಕೆ ಕರೆಯಬೇಕು. ‘ಇನ್‌ಕ್ಲೂಡ್’ ಇಲ್ಲಿ ಸಲ್ಲದು. ಅದು ಹೊಸ ಪುಟವನ್ನು ಆರಂಭಿಸುವುದರಿಂದ ಅಧ್ಯಾಯಗಳಿಗೆ ಮಾತ್ರ ಯೋಗ್ಯ. ಕಡತದ ವಿಳಾಸವನ್ನು ಮುಖ್ಯ ಕಡತವಿರುವ ಫೋಲ್ಡರ್‌ನಿಂದ ಎಣಿಸಿ ಬರೆಯಬೇಕೆಂಬುದನ್ನೂ ಮರೆಯಬಾರದು.

ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ‘ಸ್ಟ್ಯಾಂಡ್‌ಅಲೋನ್’ ಎಂಬ ವರ್ಗವನ್ನು ಬಳಸಿದರೆ ಚಿತ್ರದ ಕಡತವೊಂದನ್ನೇ ಕಂಪೈಲ್ ಮಾಡಿ, ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಿದ ಪಿಡಿಎಫ್ ಪಡೆಯಬಹುದು. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಿದ್ಧವಾದ ಪಿಡಿಎಫ್ ಅನ್ನು ಪ್ರಬಂಧಕ್ಕೆ ಸೇರಿಸಿದರೆ ಪ್ರತಿ ಬಾರಿಯೂ ಎಲ್ಲ ಚಿತ್ರಗಳನ್ನು ಮತ್ತೆ ರಚಿಸುವ ಕಾಲವ್ಯಯ ತಪ್ಪುತ್ತದೆ. ಅದೇ ಚಿತ್ರ ಲೇಖನಕ್ಕೂ ಉಪನ್ಯಾಸದ ಸ್ಲೈಡಿಗೂ ಒದಗುತ್ತದೆ.

ಆದರೆ ಬೇರ್ಪಡಿಸಿದ ಚಿತ್ರ ಮೂಲ ಬರವಣಿಗೆಯಿಂದ ದೂರ ಸರಿಯುವ ಅಪಾಯವೂ ಉಂಟು. ಪ್ರಬಂಧದ ಅಕ್ಷರಶೈಲಿಯನ್ನು ಬದಲಿಸಿದಾಗ ಹಳೆಯ ಪಿಡಿಎಫ್ ಬದಲಾಗದು. ಕನ್ನಡ ಬರವಣಿಗೆಯಲ್ಲಿ ಈ ತೊಡಕು ಹೆಚ್ಚು: ಚಿತ್ರದೊಳಗಿನ ಹೆಸರುಗಳು ಕನ್ನಡದಲ್ಲಿದ್ದರೆ, ಚಿತ್ರದ ಕಡತಕ್ಕೂ ಯೂನಿಕೋಡ್ ಬಲ್ಲ ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕು, ಅದೇ ಫಾಂಟ್ ಬೇಕು, ಕನ್ನಡ ಲಿಪಿಯ ಸೂಚನೆಯೂ ಬೇಕು. ಇಲ್ಲವಾದರೆ ಒತ್ತಕ್ಷರಗಳು ಒಡೆಯಬಹುದು.

ಇದಕ್ಕೆ ಪರಿಹಾರ ಮೂರನೆಯದೊಂದು ಕಡತ. ಫಾಂಟ್, ಬಣ್ಣ, ಗೆರೆಯ ದಪ್ಪ, ಗಣಿತದ ಚಿಹ್ನೆಗಳನ್ನು ಅದರಲ್ಲಿರಿಸಿ, ಮುಖ್ಯ ಕಡತವೂ ಚಿತ್ರಗಳ ಕಡತಗಳೂ ಅದನ್ನೇ ಓದುವಂತೆ ಮಾಡಬೇಕು. ಅದು ಬದಲಾದಾಗಲೆಲ್ಲ ಚಿತ್ರಗಳನ್ನು ಮತ್ತೆ ಕಂಪೈಲ್ ಮಾಡಬೇಕು. ಚಿತ್ರವನ್ನು ಪುಟದ ಅಗಲಕ್ಕೆ ಹಿಗ್ಗಿಸುವುದಕ್ಕಿಂತ ತಕ್ಕ ಅಳತೆಯಲ್ಲೇ ರಚಿಸುವುದು ಲೇಸು. ಹಿಗ್ಗಿಸಿದರೆ ಅಕ್ಷರವೂ ಹಿಗ್ಗುತ್ತದೆ. ‘ಚಿತ್ರ-07’ ಎನ್ನುವ ಬದಲು ವಿಷಯವನ್ನೇ ಸೂಚಿಸುವ ಹೆಸರನ್ನು ಕಡತಕ್ಕಿಡುವುದೂ ಒಳ್ಳೆಯದು. ಅಧ್ಯಾಯಗಳ ಕ್ರಮ ಬದಲಾದರೆ ಸಂಖ್ಯೆ ಸುಳ್ಳಾಗುತ್ತದೆ, ಹೆಸರು ಸುಳ್ಳಾಗುವುದಿಲ್ಲ.