ಕಲ್ಲಿನ ಪಾತ್ರೆಗೆ ಲೋಹದ ಆಸರೆ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸುಮಾರು 43 ಸೆಂಟಿಮೀಟರ್ ಎತ್ತರದ ಹದ್ದೊಂದಿದೆ. ಅದರ ಒಡಲು ಈಜಿಪ್ಟಿನ ಕೆನ್ನೇರಳೆ ಪಾರ್ಫಿರಿ ಕಲ್ಲಿನ ಹೂಜಿ. ಹೂಜಿಯ ಬಾಯಿಂದ ಮೇಲೇಳುವ ಕತ್ತು, ಪಕ್ಕಗಳ ರೆಕ್ಕೆ, ಕೆಳಗೆ ಭಾರ ಹೊರುವ ಬಾಲ ಮತ್ತು ಪಂಜಗಳೆಲ್ಲ ಚಿನ್ನದ ಲೇಪವಿರುವ ಬೆಳ್ಳಿಯವು. 1122ರಿಂದ 1151ರವರೆಗೆ ಸೇಂಟ್ ಡೆನಿ ಮಠದ ಅಧಿಪತಿಯಾಗಿದ್ದ ಸ್ಯೂಜೇರ್, ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹೂಜಿಗೆ ಈ ರೂಪ ಕೊಡಿಸಿದರು.

ಇಂಥ ಪಾತ್ರೆಗಳ ಲೋಹ ಬರೀ ಸಿಂಗಾರವೆಂದು ತೋರುತ್ತದೆ. ಆದರೆ ಕಲ್ಲಿನ ಕೈಯಲ್ಲಿ ಆಗದ ಕೆಲಸವನ್ನು ಮಾಡುವುದೂ ಅದೇ.

ಸ್ಫಟಿಕವನ್ನೇ ತೆಗೆದುಕೊಳ್ಳಿ. ಮೋಸ್ ಮಾಪನದಲ್ಲಿ ಅದರ ಗಡಸುತನ 7. ಸಾಮಾನ್ಯ ಚಾಕುವಿನಿಂದ ಗೀರು ಬೀಳದು, ಉಳಿಯ ಪೆಟ್ಟಿಗೆ ಸಿಡಿದುಹೋಗುತ್ತದೆ. ಆದ್ದರಿಂದ ಅದನ್ನು ತೇಯಬೇಕು. ತಿರುಗುವ ಲೋಹದ ಚಕ್ರಕ್ಕೆ ಕಲಸಿದ ಎಮರಿ ಪುಡಿ ಹಚ್ಚಿದರೆ, ಅದರಲ್ಲಿರುವ ಕುರುಂದದ ಕಣಗಳು (ಗಡಸುತನ 9) ಮೆತ್ತನೆಯ ಲೋಹದಲ್ಲಿ ಹೂತು ಕುಳಿತು ಕಲ್ಲನ್ನು ಸವೆಸುತ್ತವೆ. ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನಲ್ಲಿ ಈಜಿಪ್ಟಿನ ಖಲೀಫ ಅಲ್-ಅಜೀಜನ (ಆಳ್ವಿಕೆ 975–996) ಹೆಸರು ಹೊತ್ತ ಸ್ಫಟಿಕದ ಹೂಜಿಯೊಂದಿದೆ. ಅದರ ಮೇಲಿನ ಸಿಂಹಗಳೂ ಬಳ್ಳಿಗಳೂ ಹೀಗೆ ತೇಯ್ದು ಮೂಡಿಸಿದವು.

ಇಷ್ಟು ಗಟ್ಟಿಯಾದ ಕಲ್ಲು ಬಾಗುವುದಿಲ್ಲ, ಬೆಸುಗೆಗೆ ಬಗ್ಗುವುದಿಲ್ಲ. ಹಿಡಿ ಮುರಿದರೆ ಮತ್ತೆ ಬೆಳೆಸಲಾಗದು. ಅಂಚಿಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಪಾದ, ಹಿಡಿ, ಮುಚ್ಚಳ, ಅಂಚಿನ ಪಟ್ಟಿಗಳನ್ನು ಲೋಹದಿಂದ ಕೊಡುವುದು ಇದಕ್ಕಾಗಿಯೇ.

ಜೋಡಿಸುವುದರಲ್ಲಿ ದೊಡ್ಡ ಅಪಾಯವೆಂದರೆ ಬೆಂಕಿ. ಬೆಳ್ಳಿಯ ಗಟ್ಟಿ ಬೆಸುಗೆಗೆ 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾವು ಬೇಕು. ಸ್ಫಟಿಕವಾದರೋ 573 ಡಿಗ್ರಿಯಲ್ಲಿ ತನ್ನ ಒಳರಚನೆಯನ್ನೇ ಬದಲಿಸಿಕೊಳ್ಳುತ್ತದೆ. ಅದಕ್ಕೂ ಮೊದಲೇ ಒಂದು ಕಡೆ ಬೇಗ ಕಾದರೆ ಬಿರುಕು ಬಿಡುತ್ತದೆ. ಪಾದರಸದಲ್ಲಿ ಚಿನ್ನ ಬೆರೆಸಿ ಬೆಳ್ಳಿಗೆ ಹಚ್ಚಿ, ಕಾಯಿಸಿ ಪಾದರಸವನ್ನು ಆವಿ ಮಾಡುವ ಲೇಪನಕ್ಕೂ ಬೆಂಕಿಯೇ ಬೇಕು. ಹಾಗಾಗಿ ಲೋಹದ ಭಾಗಗಳನ್ನು ಬೇರೆಯಾಗಿಯೇ ಬೆಸೆದು, ಲೇಪಿಸಿ, ಕೊನೆಗೆ ತಣ್ಣಗಿರುವಾಗ ಕಲ್ಲಿಗೆ ತೊಡಿಸಬೇಕು. ನಮ್ಮ ಅಕ್ಕಸಾಲಿಗಳು ಕುಂದಣದಲ್ಲಿ ಹರಳು ಕೂರಿಸುವ ಹಾಗೆ, ತೆಳು ಅಂಚನ್ನು ಒತ್ತಿ ಒತ್ತಿ ಕಲ್ಲಿನ ಮೈಗೆ ಮಣಿಸಬೇಕು. ಚಿನ್ನ, ಬೆಳ್ಳಿಗಳ ಮೆದುತನ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಇಂಥ ಪಾತ್ರೆಯನ್ನು ನೋಡುವಾಗ ಹೊಳಪಿಗೆ ಮನಸೋತು ಮುಂದೆ ಹೋಗಬಾರದು. ಕಲ್ಲೂ ಲೋಹವೂ ಕೂಡುವ ಗೆರೆಯನ್ನು ಹತ್ತಿರದಿಂದ ನೋಡಬೇಕು. ರಸಾಯನಶಾಸ್ತ್ರವನ್ನು ಓದದಿದ್ದ ಆ ಕುಶಲಕರ್ಮಿಗಳು ಎರಡು ವಸ್ತುಗಳ ಸ್ವಭಾವವನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಆ ಗೆರೆಯೇ ಸಾಕ್ಷಿ.